ಒಂದು ಅಗುಳು ಅನ್ನ

ಬೆಳಕವಾಡಿಯಲ್ಲಿ ಯಾರ ಮನೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಶಾನುಭೋಗರನ್ನು ಕೇಳಿ ಪ್ರಯೋಜನವಿರಲಿಲ್ಲ, ಪೂಜಾರಿಯನ್ನು ಕೇಳಿಯೂ ಪ್ರಯೋಜನವಿರಲಿಲ್ಲ. ಮಡಿವಾಳರ ಪಟ್ಟಲಮ್ಮನನ್ನು ಕೇಳಬೇಕಾಗಿತ್ತು. ಅವಳು ಹೇಳುತ್ತಿರಲಿಲ್ಲ, ಅದು ಬೇರೆ ಮಾತು. ಅರವತ್ತು ಮನೆಗಳ ಮೈಲಿಗೆ ಬಟ್ಟೆ ಅವಳ ಕೈಮೇಲೆ ಹೊಳೆಗೆ ಹೋಗಿ ಮಡಿಯಾಗಿ ಬರುತ್ತಿತ್ತು. ಯಾರ ಸೊಸೆ ಈ ತಿಂಗಳು ಮುಟ್ಟಾಗಲಿಲ್ಲ, ಯಾವ ಯಜಮಾನ ಕದ್ದು ಹೆಂಡ ಕುಡಿದು ಮೈಮೇಲೆ ಚೆಲ್ಲಿಕೊಂಡ, ಯಾವ ಮುದುಕನಿಗೆ ಕೂತಲ್ಲೇ ಆಗಿಬಿಡುತ್ತಿದೆ, ಎಲ್ಲವೂ ಬಟ್ಟೆಯ ಮೇಲೆ ಇರುತ್ತಿತ್ತು. ಅಕ್ಷರ ಕಲಿತವರು ಕಾಗದ ಓದುತ್ತಾರೆ, ಪಟ್ಟಲಮ್ಮ ಬಟ್ಟೆ ಓದುತ್ತಿದ್ದಳು. ಓದಿದ್ದನ್ನು ಅಲ್ಲೇ ಕಲ್ಲಿನ ಮೇಲೆ ಒಗೆದು ನೀರಿಗೆ ಬಿಟ್ಟುಬಿಡುತ್ತಿದ್ದಳು.

ಹಾಗೆಂದು ಅವಳು ಮೂಗಿ ಅಲ್ಲ, ತಾಯಿ! ಉಳಿದ ವಿಷಯಕ್ಕೆ ಅವಳ ಬಾಯಿಗೆ ಬೀಗವಿರಲಿಲ್ಲ. ಹೊಳೆಯ ಈ ದಡದಲ್ಲಿ ನಿಂತು ಬೈದರೆ ಆ ದಡದ ದನ ಕಿವಿ ನಿಮಿರಿಸುತ್ತಿತ್ತು. ಗಂಡ ತೀರಿಕೊಂಡು ಎಂಟು ವರ್ಷ. ಮಗಳು ದೇವಿರಮ್ಮನನ್ನು ಮದ್ದೂರಿನ ಕಡೆ ಕೊಟ್ಟಿದ್ದಾಯಿತು. ಮನೆಯಲ್ಲಿ ಅವಳು, ಬಟ್ಟೆ ಬೇಯಿಸುವ ಉಬ್ಬೆಯ ಹಂಡೆ, ಮತ್ತೆ ಚೆಲುವಿ ಎಂಬ ಹೆಣ್ಣು ಕತ್ತೆ. ಕತ್ತೆಗೆ ಚೆಲುವಿ ಎಂದು ಹೆಸರಿಟ್ಟದ್ದಕ್ಕೆ ಊರು ನಗುತ್ತಿತ್ತು. "ನಿಮ್ಮನೆ ಸೊಸೇರಿಗಿಂತ ಚೆಂದಾಗದೆ ಬುಡಿ," ಎಂದು ಅವಳು ಉತ್ತರ ಕೊಡುತ್ತಿದ್ದಳು. ನಗುವುದು ಅಲ್ಲಿಗೆ ನಿಲ್ಲುತ್ತಿತ್ತು.

ಇದು ನಡೆದದ್ದು ಯುದ್ಧದ ಕಾಲದಲ್ಲಿ. ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ಬಸ್ಸು ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದ ದಿನಗಳು. ಬಟ್ಟೆಗೆ ಕಂಟ್ರೋಲು, ಬೆಳೆದ ಅಕ್ಕಿಗೆ ಸರ್ಕಾರದ ಲೆವಿ. ಉಳ್ಳವರ ಮನೆಯಲ್ಲೂ ಮಗುವಿಗೆ ಹಾಸಲು ಹಳೆಯ ಸೀರೆ ಹರಿದ ತುಂಡುಗಳೇ ಗತಿ. ಇದ್ದದ್ದು ನಾಲ್ಕು ತುಂಡು, ಹಾಗಾಗಿ ದಿನಾ ಒಗೆಯಬೇಕು. ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಊರಿಗೆ ನಾಯಿಕೆಮ್ಮು ಬಂತು.

ನಾಯಿಕೆಮ್ಮು ಕಂಡವರಿಗೆ ಗೊತ್ತು. ಹಿಡಿಯಿತೆಂದರೆ ಮಗು ಉಸಿರೆಳೆಯಲು ಬಿಡುವಿಲ್ಲದೆ ಹದಿನೈದು ಇಪ್ಪತ್ತು ಸಲ ಕೆಮ್ಮುತ್ತದೆ. ಮುಖ ಕೆಂಪಾಗಿ ಆಮೇಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಣ್ಣು ಮೇಲಕ್ಕೆ ಹೋಗುತ್ತದೆ. ನೋಡುವವರ ಜೀವ ಬಾಯಿಗೆ ಬಂದ ಮೇಲೆ ಅದು 'ಹೂಪ್' ಎಂದು ಉಸಿರೆಳೆದು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ ಸುಸ್ತಾಗಿ ಬೀಳುತ್ತದೆ. ಸ್ವಲ್ಪ ಹೊತ್ತು ಏನೂ ಆಗಿಲ್ಲವೆಂಬಂತೆ ಆಡುತ್ತದೆ, ಮತ್ತೆ ಶುರು. ಹೀಗೆ ಒಂದು ತಿಂಗಳು, ಎರಡು ತಿಂಗಳು.

ಹೊನ್ನಯ್ಯನವರ ಮನೆಯ ಚಿಕ್ಕಬೋರನಿಗೂ ಅದು ಹಿಡಿಯಿತು. ಒಂದೂವರೆ ವರ್ಷದ ಗಂಡುಕೂಸು. ಹೊನ್ನಯ್ಯನವರೆಂದರೆ ಊರಿಗೆ ದೊಡ್ಡ ಒಕ್ಕಲು, ಮೂರು ಜೊತೆ ಎತ್ತು, ಹೊಳೆಬದಿಯ ಗದ್ದೆ. ಮನೆಯ ಆಡಳಿತವೆಲ್ಲ ಅವರ ತಾಯಿ ಬೀರಮ್ಮನದು. ಹೆಂಡತಿ ಹೊಂಬಾಳಮ್ಮ ಬಾಯಿಲ್ಲದ ಹೆಣ್ಣು. ಅವಳಿಗೆ ಇದಕ್ಕೆ ಮುಂಚೆ ಎರಡು ಮಕ್ಕಳಾಗಿ ಹೋಗಿದ್ದವು. ಮೊದಲನೆಯದು ಮೂರು ತಿಂಗಳಿಗೇ ಹೋಯಿತು. ಎರಡನೆಯದು ಹೆಣ್ಣು, ಮೂರು ವರ್ಷದ್ದು, ಇದೇ ಕೆಮ್ಮು ಬಂದಾಗ ಅಜ್ಜಿ ಬೀರಮ್ಮ ಅನ್ನ ಕಲಸಿ ತುತ್ತು ಇಡುತ್ತಿದ್ದಳು. ತುತ್ತು ಬಾಯಲ್ಲಿರುವಾಗಲೇ ಕೆಮ್ಮು ಬಂದು ಅನ್ನ ಗಂಟಲಿಗೆ ಸಿಕ್ಕಿ, ಅಜ್ಜಿಯ ತೊಡೆಯ ಮೇಲೆಯೇ ಮಗು ಹೋಗಿಬಿಟ್ಟಿತು. ಅಂದಿನಿಂದ ಬೀರಮ್ಮ ಯಾವ ಮಗುವಿಗೂ ತನ್ನ ಕೈಯಿಂದ ತುತ್ತು ಕೊಟ್ಟಿರಲಿಲ್ಲ. ಈ ಸಂಗತಿ ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಅಂದು ಬೆಳಿಗ್ಗೆ ಪಟ್ಟಲಮ್ಮ ಹೊಳೆಯಲ್ಲಿ ಆ ಮನೆಯ ಗಂಟು ಬಿಚ್ಚಿದಳು. ಮಗುವಿನ ಬಟ್ಟೆ ಕೈಗೆ ತೆಗೆದುಕೊಂಡವಳು ನೀರಿಗೆ ಅದ್ದದೆ ಹಾಗೇ ನಿಂತಳು. ವಾರದ ಹಿಂದೆ ಆ ತುಂಡುಗಳ ಮೇಲೆ ಕಕ್ಕಿದ ಅನ್ನದ ಅಗುಳು ಅಂಟಿರುತ್ತಿತ್ತು, ಒಡೆದ ಹಾಲಿನ ವಾಸನೆ ಇರುತ್ತಿತ್ತು. ಕಕ್ಕಿದರೂ ಪರವಾಗಿಲ್ಲ, ಒಳಗೆ ಹೋಗಿತ್ತು ಎಂದಾದರೂ ಆಯಿತಲ್ಲ. ನಾಲ್ಕು ದಿನದಿಂದ ಅದು ಕಾಣುತ್ತಿರಲಿಲ್ಲ, ಕಕ್ಕುವುದು ನಿಂತಿತೇನೋ ಎಂದುಕೊಂಡಿದ್ದಳು. ಇಂದೂ ಬರೀ ಕಫದ ಎಳೆ. ಒಂದೇ ಒಂದು ಅಗುಳಿಲ್ಲ. ಕೆಳಗೆ ಹಾಸುವ ತುಂಡು ನೋಡಿದಳು. ದಿನಕ್ಕೆ ಎಂಟು ಹತ್ತು ಸಲ ಒದ್ದೆಯಾಗುತ್ತಿದ್ದ ಬಟ್ಟೆಯಲ್ಲಿ ಎರಡೇ ಎರಡು ಸಣ್ಣ ಕಲೆ, ಅದೂ ಅರಿಶಿನದ ನೀರಿನ ಬಣ್ಣ. ಮಗುವಿನ ಹೊಟ್ಟೆಗೆ ನಾಲ್ಕು ದಿನದಿಂದ ಏನೂ ಬಿದ್ದಿಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

ಬಟ್ಟೆಯ ಮಾತು ಆಡಬಾರದು ಎಂಬ ತನ್ನ ನೇಮವನ್ನು ಅವಳು ಮುರಿದದ್ದು ಅದೇ ಮೊದಲು. ಒದ್ದೆ ಸೀರೆಯಲ್ಲೇ ಹೋಗಿ ಹೊನ್ನಯ್ಯನವರ ಹಿತ್ತಿಲ ಬಾಗಿಲಲ್ಲಿ ನಿಂತಳು.

"ಅವ್ವಾರೆ, ಮಗೀಗೆ ಒಟ್ಟೆಗೇನು ಕೊಡ್ತಾ ಇದ್ದೀರಿ?"

ಬೀರಮ್ಮ ಕೋಲೂರಿಕೊಂಡು ಬಂದಳು. ಅವಳ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು, ಎರಡು ಮಾರು ದೂರದ ಮುಖವೂ ಗುರುತು ಹತ್ತುತ್ತಿರಲಿಲ್ಲ. ಗಂಟಲು ಮಾತ್ರ ಗಟ್ಟಿಯಾಗಿತ್ತು.

"ಏನ್ ಕೊಡಾದು? ಕೊಟ್ಟದ್ದೆಲ್ಲ ಕಕ್ತದೆ. ಮಳವಳ್ಳಿಗೆ ಗಾಡಿ ಕಟ್ಕಂಡೋಗಿ ತಂದ ಔಸ್ದೀನೂ ಕಕ್ತದೆ. ಲಂಕಣ ಆಕಿವ್ನಿ. ಒಟ್ಟೆ ಕಾಲಿ ಇದ್ರೆ ಕೆಮ್ಮು ತಾನಾಗೇ ಕಟ್ತದೆ."

"ಕಟ್ಟಾದು ಕೆಮ್ಮಲ್ಲ ಕಣವ್ವಾರೆ, ಉಸುರು. ಬಟ್ಟೆ ನೋಡ್ದೆ. ಮಗ ಉಚ್ಚೆ ಉಯ್ಯಾದೇ ನಿಂತೋಗದೆ."

"ಬಟ್ಟೆ ಒಗಿಯೋಳು ಬಟ್ಟೆ ಒಗಿ!" ಬೀರಮ್ಮನ ಕೋಲು ನೆಲಕ್ಕೆ ಬಡಿಯಿತು. "ನಿನ್ ನಾಲ್ಗೆಗೆ ಕೊಳ್ಳಿ ಇಕ್ಕ. ಅನ್ನ ಕೊಟ್ಟು ಒಂದನ್ನ ಮಣ್ಣಿಗಿಟ್ಟಿವ್ನಿ. ಇನ್ನೊಂದನ್ನ ಇಡಾಕಿಲ್ಲ."

ಒಳಗೆ ಹೊಂಬಾಳಮ್ಮನ ತೋಳಿನಲ್ಲಿ ಮಗು ಕೆಮ್ಮತೊಡಗಿತು. ನೆರೆಮನೆಯ ಇಬ್ಬರು ಹೆಂಗಸರು ಓಡಿ ಬಂದು ಅದನ್ನು ಅಂಗಾತ ಮಲಗಿಸಿ, ಮುಖಕ್ಕೆ ನೀರು ಎರಚಿ, ಬೀಸಣಿಗೆ ಬೀಸಿ ಗಲಾಟೆ ಎಬ್ಬಿಸಿದರು. ಮಗುವನ್ನು ಎತ್ತಿ ನೆಟ್ಟಗೆ ಹಿಡಿಯಲು ಪಟ್ಟಲಮ್ಮನ ಕೈ ತುರಿಸಿತು. ಆದರೆ ಹೊಸ್ತಿಲು ದಾಟುವಂತಿರಲಿಲ್ಲ.

ಕೆಮ್ಮು ನಿಂತ ಮೇಲೆ ಬೀರಮ್ಮ ಮತ್ತೆ ಬಾಗಿಲಿಗೆ ಬಂದಳು. ಧ್ವನಿ ತಗ್ಗಿತ್ತು. "ಲೇ ಪಟ್ಟಲಿ, ನಿನ್ ಕತ್ತೆ ಮರಿ ಆಕದಲ್ಲ? ನಾಯಿಕೆಮ್ಮಿಗೆ ಕತ್ತೆ ಆಲು ಅಂತ ಕಿರುಗಾವಲು ಕಡೇರು ಏಳಿದ್ರು. ತಂದು ಹಿತ್ಲಲ್ಲಿ ಕಟ್ಟು. ಇನ್ಮ್ಯಾಕೆ ಈ ಮಗಿನ ಒಟ್ಟೆಗೆ ಓಗಾದು ಅದೊಂದೇ. ಬ್ಯಾರೆ ಒಂದ್ ತೊಟ್ಟು ಇಲ್ಲ."

ಅಷ್ಟಾದರೂ ಆಯಿತಲ್ಲ ಎಂದು ಪಟ್ಟಲಮ್ಮ ಓಡಿದಳು.

ಚೆಲುವಿ ಮರಿಯ ಸಮೇತ ದೊಡ್ಡ ಒಕ್ಕಲ ಹಿತ್ತಿಲಿಗೆ ಬಂದು ಹೊಂಗೆ ಮರದಡಿ ನಿಂತಿತು. ದಾರಿಯುದ್ದಕ್ಕೂ ಜನ, "ಏನಮ್ಮೀ, ಚೆಲುವೀನ ಗೌಡ್ರ ಮನೆಗೆ ಮದ್ವೆ ಮಾಡ್ಕೊಟ್ಯಾ?" ಎಂದು ಕೇಳಿದ್ದೇ ಕೇಳಿದ್ದು. ಕತ್ತೆಹಾಲಿಗೆ ಅದರದೇ ಕಟ್ಟಳೆ ಇತ್ತು. ಹಾಲು ಹೊಸ್ತಿಲ ಒಳಗೆ ಹೋಗಬಾರದು, ಕರೆದ ಬಿಸಿಯಲ್ಲೇ ಕುಡಿಸಬೇಕು, ಕುಡಿಯುವಾಗ ಹೆತ್ತವಳ ಕಣ್ಣು ಬೀಳಬಾರದು. ಹಾಗಾಗಿ ಹೊಂಬಾಳಮ್ಮ ಮಗುವನ್ನು ಮರದಡಿಗೆ ತಂದು ಪಟ್ಟಲಮ್ಮನ ಮಡಿಲಿಗೆ ಹಾಕಿ, ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಬೀರಮ್ಮ ಬಾಗಿಲಲ್ಲಿ ಕೂತು ಕಾಣದ ಕಣ್ಣಿಂದ ಕಾಯುತ್ತಿದ್ದಳು. ಮಗುವಿನ ಎದೆಗೂಡು ಪಟ್ಟಲಮ್ಮನ ಬೆರಳಿಗೆ ಎಲುಬು ಎಲುಬಾಗಿ ಸಿಕ್ಕಿತು. ಹಾಲು ಸಿಕ್ಕಿದ್ದು, ಕೂಸಿಗೆ ಕುಡಿಸುವ ಮೂತಿಯ ಬಟ್ಟಲು ಒಳಲೆಯಲ್ಲಿ, ಹೊತ್ತಿಗೆ ಮೂರು ಒಳಲೆ, ಅಷ್ಟೇ. ಕತ್ತೆಯೇನು ಸೀಮೆಹಸುವೇ?

ಹೊನ್ನಯ್ಯನವರು ಎರಡನೆಯ ದಿನ ಬಂದು ನೋಡಿದರು. ಬೇಸಾಯಗಾರನ ಬುದ್ಧಿ ಓಡಿತು. ಕರು ಕುಡಿದರೆ ಹಾಲು ಕಡಿಮೆ, ಕರು ಕಟ್ಟಿದರೆ ಹಾಲು ಜಾಸ್ತಿ, ಇದು ದನ ಸಾಕಿದವರ ಲೆಕ್ಕ. ಪಟ್ಟಲಮ್ಮ ಹೊಳೆಗೆ ಹೋಗಿದ್ದಾಗ ಆಳು ಕರಿಯಯ್ಯನಿಗೆ ಹೇಳಿ ಮರಿಯನ್ನು ಎಳೆದೊಯ್ದು ದೂರದ ಕೊಟ್ಟಿಗೆಯಲ್ಲಿ ಕಟ್ಟಿಸಿದರು. ಚೆಲುವಿಯ ಮುಂದೆ ಬೇಯಿಸಿದ ಹುರುಳಿ ಇಟ್ಟರು. ಕರಿಯಯ್ಯ ಕೆಚ್ಚಲಿಗೆ ನೀರು ತಟ್ಟಿ, ಹಸುವಿಗೆ ಮಾಡುವ ಹಾಗೆ ಬೆನ್ನು ಸವರಿ, "ಬಾರವ್ವ, ಬಾರೇ ತಾಯಿ" ಎಂದು ಕೂತ. ಚೆಲುವಿ ಹುರುಳಿಯನ್ನಂತೂ ಪೂರ್ತಿ ತಿಂದಿತು. ಆಮೇಲೆ ಕರಿಯಯ್ಯನ ಮಂಡಿಗೆ ಒಂದು ಒದ್ದಿತು. ಮರಿಗಾಗಿ ಹಗಲೆಲ್ಲ ಅರಚಿತು. ಹಾಲು ಮಾತ್ರ ಬಿಗಿಹಿಡಿದುಬಿಟ್ಟಿತು.

"ಅದೇನು ಎಮ್ಮೆ ಅಂದ್ಕಂಡ್ಯೇನ್ಲಾ, ಮರಿ ಕಟ್ಟಿ ಕರಿಯಾಕೆ?" ಪಟ್ಟಲಮ್ಮ ಬಂದವಳು ಕರಿಯಯ್ಯನಿಗೆ ಮಂಗಳಾರತಿ ಎತ್ತಿದಳು. ಅವನಿಗೆ ಎತ್ತಿದ್ದು ಒಳಗಿದ್ದ ಹೊನ್ನಯ್ಯನವರಿಗೆ ಕೇಳಲಿ ಎಂದು. ಮರಿಯನ್ನು ಬಿಚ್ಚಿ ತಂದಳು. ಆದರೆ ತಡವಾಗಿತ್ತು. ಮಾರನೆಯ ಬೆಳಿಗ್ಗೆ ಹಿಂಡಿ ಹಿಂಡಿ ನೋಡಿದಳು. ಒಳಲೆಯ ತಳ ಒದ್ದೆಯಾಗುವಷ್ಟೂ ಬರಲಿಲ್ಲ. ಹೊನ್ನಯ್ಯನವರು ಜಗುಲಿಯಿಂದಲೇ ಕೂಗಿದರು, "ಬೈಗಾಗಾದ್ರೊಳ್ಗೆ ಆಲು ಬರ್ನಿಲ್ಲ ಅಂದ್ರೆ ಕತ್ತೆ ಒಡ್ಕಂಡು ಓಗ್ತಾ ಇರು!" ಬಾಗಿಲಲ್ಲಿದ್ದ ಬೀರಮ್ಮ, "ಆಲಿಲ್ದಿದ್ರೆ ಬರೀ ನೀರು," ಎಂದಳು.

ಈಗ ಯೋಚಿಸಿ. ಆ ಮನೆಯಲ್ಲಿ ಮಗುವಿನ ಬಾಯಿಗೆ ಹೋಗಲು ಅಪ್ಪಣೆ ಇದ್ದದ್ದು ಒಂದೇ ಪದಾರ್ಥ, ಅದೇ ಈಗ ಇಲ್ಲ. ಇಲ್ಲ ಎಂದು ಪಟ್ಟಲಮ್ಮ ಬಾಯಿಬಿಟ್ಟು ಹೇಳಿದರೆ ಮಗು ಇನ್ನೆರಡು ದಿನ ಬಾಳುವುದಿಲ್ಲ. ಅವಳು ಬೆಳಿಗ್ಗೆ ಒಗೆದ ಬಟ್ಟೆ ಅದನ್ನೇ ಹೇಳಿತ್ತು.

"ಬತ್ತೀನಿ ತಡೀರಿ, ಪಂಚೆಗೆ ಗಂಜಿ ಆಕಿ ಬುಟ್ಟು ಬತ್ತೀನಿ," ಎಂದು ಹೇಳಿ ಮನೆಗೆ ನಡೆದಳು. ದಾರಿಯಲ್ಲಿ ತನ್ನ ಬಾಯಿಂದ ಬಂದ ಮಾತೇ ಅವಳಿಗೆ ದಾರಿ ತೋರಿಸಿತು. ಮಡಿವಾಳಗಿತ್ತಿ ಗಂಜಿಯ ಮಡಕೆ ಹೊತ್ತು ಊರೆಲ್ಲ ತಿರುಗಿದರೂ ಯಾರೂ ಏನದು ಎಂದು ಕೇಳುವುದಿಲ್ಲ.

ಸುಗ್ಗಿಯಲ್ಲಿ ಬಟ್ಟೆ ಒಗೆದದ್ದರ ಆಯವಾಗಿ ಬಂದ ನುಚ್ಚಕ್ಕಿ ಮೂರು ಹಿಡಿ ಉಳಿದಿತ್ತು. ಅದನ್ನು ತೊಳೆದು, ಅಗುಳು ಕರಗುವವರೆಗೆ ಬೇಯಿಸಿ, ಮಸೆದು, ಚೂರು ಉಪ್ಪು, ಚೂರು ಬೆಲ್ಲ ಹಾಕಿ ಶೋಧಿಸಿದಳು. ಶೋಧಿಸಿದ್ದು ಯಾವ ಬಟ್ಟೆಯಲ್ಲಿ ಎನ್ನುತ್ತೀರಿ? ಉಬ್ಬೆಯಲ್ಲಿ ಬೆಂದು ಒಣಗಿದ್ದ ಹೊನ್ನಯ್ಯನವರ ಮಡಿ ಪಂಚೆಯಲ್ಲಿ. ಇಡೀ ಗುಡಿಸಲಿನಲ್ಲಿ ಅಷ್ಟು ಶುಭ್ರವಾದ ಬಟ್ಟೆ ಬೇರೆ ಇರಲಿಲ್ಲ. ಮಡಿವಾಳರ ಮನೆಯ ಒಲೆಯಲ್ಲಿ ಬೆಂದದ್ದಕ್ಕೆ ಜಾತಿ ಕೆಟ್ಟಿದ್ದರೆ, ಆ ಪಂಚೆಯಿಂದ ಅರ್ಧ ಸರಿಹೋಗಿರಬೇಕು. ಬಿಳಿಯ, ತೆಳ್ಳನೆಯ, ಉಗುರುಬೆಚ್ಚಗಿನ ಗಂಜಿ ಚೆಂಬಿನಲ್ಲಿ ನಿಂತಿತು. ಅವಳು ಅದನ್ನು ಬಟ್ಟೆಗೆ ಹಾಕುವ ಗಂಜಿಯ ಮಡಕೆಯೊಳಗಿಟ್ಟು ಸೆರಗು ಮುಚ್ಚಿದಳು.

ಸಿಕ್ಕಿಬಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಕ್ಕಲ ಮನೆಯ ಮಗನಿಗೆ ಅಗಸಗಿತ್ತಿ ಬೇಯಿಸಿ ತಿನ್ನಿಸಿದಳೆಂದು ನ್ಯಾಯ ಸೇರುತ್ತದೆ, ಊರು ಬಿಡಿಸುತ್ತಾರೆ. ಅದು ಹಾಳಾಗಲಿ. ಮಗು ತನ್ನ ಮಡಿಲಲ್ಲೇ ಗಂಟಲಿಗೆ ಸಿಕ್ಕಿಸಿಕೊಂಡರೆ? ಬೀರಮ್ಮನ ತೊಡೆಯ ಮೇಲೆ ಆದದ್ದು ತನ್ನ ತೊಡೆಯ ಮೇಲೆ ಆದರೆ? ಆದರೂ ಕಾಲು ಹಿತ್ತಿಲ ಕಡೆಗೇ ನಡೆದವು.

ಒಂದು ಸಂಗತಿ ಅವಳಿಗೆ ಗೊತ್ತಿತ್ತು. ದೇವಿರಮ್ಮನಿಗೆ ಎಳೆಯದರಲ್ಲಿ ಇದೇ ಕೆಮ್ಮು ಬಂದಿತ್ತು. ಹೊಳೆಯ ಕಲ್ಲಿನ ಪಕ್ಕ ಮಗುವನ್ನು ಕೂರಿಸಿಕೊಂಡು ದುಡಿಯುತ್ತಿದ್ದ ದಿನ. ಮಗು ಕಕ್ಕಿದಾಗಲೆಲ್ಲ ಪಟ್ಟಲಮ್ಮ ಸಿಟ್ಟಿನಿಂದ, "ಕಕ್ದ್ಯಾ? ತಕಾ, ಇನ್ನೊಂದಪ ಕುಡಿ," ಎಂದು ಆ ಕ್ಷಣವೇ ಮತ್ತೆ ಗಂಜಿ ಹುಯ್ಯುತ್ತಿದ್ದಳು. ಸಿಟ್ಟಿನಲ್ಲಿ ಮಾಡಿದ್ದೇ ಸರಿಯಾಗಿತ್ತು. ಒಂದು ಸಲ ಕೆಮ್ಮಿ ಕಕ್ಕಿದ ಮೇಲೆ ಮುಂದಿನ ಕೆಮ್ಮಿಗೆ ಸ್ವಲ್ಪ ಹೊತ್ತಿರುತ್ತದೆ, ಆ ಹೊತ್ತಿನಲ್ಲಿ ಒಳಗೆ ಹೋದದ್ದು ಒಳಗೇ ಉಳಿಯುತ್ತದೆ. ಮಗಳು ಬದುಕಿದ್ದು ಹಾಗೆ.

"ಅವ್ವಾರೆ," ಎಂದಳು ಹಿತ್ತಿಲಿಗೆ ಬಂದವಳು, "ಆಲು ಚೂರು ಚೂರು ಬತ್ತಾದೆ. ನಾನು ಇಲ್ಲೇ ಕೂತಿರ್ತೀನಿ. ಒತ್ತು ಗೊತ್ತು ಏನೂ ಬ್ಯಾಡ. ಮಗ ಕೆಮ್ಮಿ ಕಕ್ಕಿದ ತಕ್ಸಣ ತಂದು ನನ್ ಕೈಗೆ ಕೊಡಿ. ಆಗ ಕುಡ್ಸುದ್ರೇನೇ ಕತ್ತೆ ಆಲು ಅತ್ತಾದು." ಇಷ್ಟು ದೊಡ್ಡ ಸುಳ್ಳನ್ನು ಅವಳು ಹಿಂದೆ ಹೇಳಿರಲಿಲ್ಲ. ಬೀರಮ್ಮ ಒಪ್ಪಿದಳು.

ಪಟ್ಟಲಮ್ಮ ಚೆಲುವಿಯ ಹೊಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಬರಿಯ ಕೆಚ್ಚಲನ್ನು ಹಿಂಡುವಂತೆ ಕೈ ಆಡಿಸಿದಳು. ಸೆರಗಿನೊಳಗೆ ಇನ್ನೊಂದು ಕೈ ಒಳಲೆಯನ್ನು ಚೆಂಬಿಗೆ ಅದ್ದಿತು. ಮಗುವನ್ನು ಎದೆಗೆ ನೆಟ್ಟಗೆ ಆನಿಸಿಕೊಂಡು ಒಳಲೆಯ ತುದಿಯನ್ನು ಕೆನ್ನೆಯ ಪಕ್ಕಕ್ಕೆ ಇಟ್ಟಳು. ಒಂದು ತೊಟ್ಟು. ನುಂಗುವವರೆಗೆ ತಾನೂ ಉಸಿರು ಬಿಡಲಿಲ್ಲ. ಇನ್ನೊಂದು ತೊಟ್ಟು. ವಾರದ ಹಸಿವು, ಮಗು ಒಳಲೆಯನ್ನೇ ಕಚ್ಚಿ ಹಿಡಿಯಿತು. ಎದುರಿಗೆ ಹೊಂಬಾಳಮ್ಮ ಬೆನ್ನು ತಿರುಗಿಸಿ ನಿಂತಿದ್ದಳು. ಬಾಗಿಲಿಂದ ಬೀರಮ್ಮ, "ಕುಡೀತಾ? ಕುಡೀತಾ?" ಎಂದು ಕೇಳುತ್ತಲೇ ಇದ್ದಳು.

ಹೀಗೆ ಮೂರು ದಿನ ಕಳೆಯಿತು. ಹೊಳೆಗೆ ಹೋಗಲು ಬಿಡುವಿಲ್ಲದೆ ಅರವತ್ತು ಮನೆಯವರೂ ಬೈದರು. ಅವಳು ಬೆಳಗಿನ ಜಾವ ಈ ಮನೆಯ ಮಗುವಿನ ಬಟ್ಟೆಯನ್ನಷ್ಟೇ ಒಗೆದು ಓಡಿ ಬರುತ್ತಿದ್ದಳು. ಕೆಳಗೆ ಹಾಸುವ ತುಂಡಿನಲ್ಲಿ ಕಲೆ ಎರಡಿದ್ದದ್ದು ನಾಲ್ಕಾಯಿತು, ಆರಾಯಿತು, ಬಣ್ಣ ತಿಳಿಯಾಯಿತು. ಒಬ್ಬಳೇ ಕಲ್ಲಿನ ಮೇಲೆ ನಿಂತು ಆ ಹೇಸಿಗೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ ನಕ್ಕಳು. ಕಂಡವರು ತಲೆ ಕೆಟ್ಟಿದೆ ಎಂದುಕೊಂಡರು.

ಮನೆಯ ನುಚ್ಚು ಮುಗಿಯುತ್ತ ಬಂದಿತ್ತು. ನಾಲ್ಕನೆಯ ದಿನ ತಳದಲ್ಲಿದ್ದ ದಪ್ಪ ನುಚ್ಚನ್ನೇ ಬೇಯಿಸಿದಳು, ಅವಸರದಲ್ಲಿ ಶೋಧಿಸಿದಳು. ಅಂದು ಬೀರಮ್ಮ ಬಾಗಿಲಲ್ಲಿ ಕೂರಲಿಲ್ಲ. "ಏಟು ಕುಡೀತದೆ ನಾನೂ ನೋಡ್ತೀನಿ," ಎಂದು ಕೋಲೂರಿಕೊಂಡು ಮರದಡಿಗೇ ಬಂದು ಎರಡು ಮಾರು ದೂರದಲ್ಲಿ ನಿಂತಳು.

ಪಟ್ಟಲಮ್ಮ ಅವಳಿಗೆ ಬೆನ್ನು ಮಾಡಿ ಕೂತಳು. ಕೈ ಆಡಿಸಿದಳು. ಒಳಲೆ ತುಂಬಿದಳು. ಎರಡು ಒಳಲೆ ಇಳಿಯಿತು. ಮೂರನೆಯದು ಬಾಯಲ್ಲಿರುವಾಗಲೇ, ಬರಬಾರದ ಹೊತ್ತಿನಲ್ಲಿ, ಕೆಮ್ಮು ಬಂದುಬಿಟ್ಟಿತು.

ಒಂದು, ಎರಡು, ಐದು, ಹತ್ತು. ಮುಖ ಕೆಂಪಾಯಿತು, ನೇರಳೆಯಾಯಿತು. ಕೊನೆಯ ಕೆಮ್ಮಿನ ನಂತರ ಬರಬೇಕಾದ 'ಹೂಪ್' ಬರಲಿಲ್ಲ. ಮಗುವಿನ ಬಾಯಿ ತೆರೆದೇ ಇತ್ತು, ಸದ್ದಿಲ್ಲ. ಬೀರಮ್ಮ ಕೋಲು ಬಿಸಾಡಿ, "ಅಯ್ಯೋ ಸಿವನೇ! ಓಯ್ತು! ಓಯ್ತಲ್ಲಪ್ಪೋ!" ಎಂದು ನೆಲಕ್ಕೆ ಕುಸಿದಳು. ಪಟ್ಟಲಮ್ಮ ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನಿಗೆ ಅಂಗೈಯಿಂದ ಹೊಡೆದಳು. ಒಂದು. ಮತ್ತೊಂದು. "ಬಾರ್ಲಾ! ಉಸುರ್ ಎಳಿ! ಎಳೀಲಾ ನನ್ನಪ್ಪ!" ಎಂದು ಬೈಯುತ್ತಲೇ ಮೂರನೆಯದು ಹೊಡೆದಳು.

ಮಗು ಕಕ್ಕಿತು. ಆಮೇಲೆ ಊರಿಗೇ ಕೇಳುವ ಹಾಗೆ 'ಹೂಪ್' ಎಂದು ಉಸಿರೆಳೆದು ಕಿಟಾರನೆ ಅತ್ತಿತು.

ಕಟ್ಟಳೆ ಮುರಿದು ತಿರುಗಿ ಓಡಿಬಂದ ಹೊಂಬಾಳಮ್ಮ ಮಂಡಿಯೂರಿ ಒಡ್ಡಿದ್ದ ಸೆರಗಿನ ಮೇಲೆ ಅದೆಲ್ಲ ಬಿದ್ದಿತ್ತು. ಬಿಳಿಯ ನೀರು, ಕಫ, ಅದರ ನಡುವೆ ಒಂದು ಅಗುಳು ಅನ್ನ. ಅರ್ಧ ಬೆಂದ, ದಪ್ಪ ನುಚ್ಚಿನ, ಸ್ಪಷ್ಟವಾದ ಒಂದು ಅಗುಳು. ಪಟ್ಟಲಮ್ಮ ಅದನ್ನು ಕಂಡಳು. ಹೊಂಬಾಳಮ್ಮನೂ ಕಂಡಳು. ಕತ್ತೆಯ ಹಾಲಿನಲ್ಲಿ ಅನ್ನದ ಅಗುಳು ಎಲ್ಲಿಂದ ಬರಬೇಕು?

"ಏನು ಕಕ್ತು? ಏನದು? ಏಳ್ರೇ!" ಬೀರಮ್ಮ ನೆಲ ತಡವುತ್ತ ತೆವಳಿ ಬಂದಳು. ಅವಳ ಕೈ ಸೊಸೆಯ ಸೆರಗಿಗೆ ಬಂತು. ಹೊಂಬಾಳಮ್ಮ ಸೆರಗನ್ನು ಮುದುರಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಆಲು ಕಣತ್ತೆ," ಎಂದಳು. "ಬರೀ ಆಲು."

ಅಷ್ಟು ಹೇಳಿ, ಪಟ್ಟಲಮ್ಮನ ಮುಖವನ್ನೂ ನೋಡದೆ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದು ಸಂಜೆ ಪಟ್ಟಲಮ್ಮ ಒಲೆ ಹಚ್ಚಲಿಲ್ಲ. ಅತ್ತೆಯ ಎದುರಿಗೆ ಸುಮ್ಮನಿದ್ದವಳು ಗಂಡನ ಕಿವಿ ಕಚ್ಚದೆ ಇರುತ್ತಾಳೆಯೇ? ಮಗುವನ್ನು ಇನ್ನು ತನ್ನ ಕೈಗೆ ಕೊಡುತ್ತಾಳೆಯೇ? ನ್ಯಾಯಕ್ಕೆ ಕರೆಸಿದರೆ ಹೋಗಿ ನಿಲ್ಲುತ್ತೇನೆ, ಆದರೆ ನಾಳೆಯಿಂದ ಮಗುವಿನ ಗತಿ ಏನು? ಇದೇ ಸಂಕಟ. ಮನೆಯಲ್ಲಿ ನುಚ್ಚೂ ಮುಗಿದಿತ್ತು.

ಬೆಳಿಗ್ಗೆ ಹೊನ್ನಯ್ಯನವರ ಮನೆಯ ಗಂಟು ಎಂದಿನಂತೆ ಹಿತ್ತಿಲ ಕಲ್ಲಿನ ಮೇಲಿತ್ತು. ಹೊಳೆಗೆ ತಂದು ಬಿಚ್ಚಲು ಹೆದರಿ ಬೇರೆಯವರ ಬಟ್ಟೆಯೆಲ್ಲ ಒಗೆದು ಮುಗಿಸಿದಳು. ಕೊನೆಗೆ ಬಿಚ್ಚಿದಳು. ಮೇಲೆಯೇ ಹೊಂಬಾಳಮ್ಮನ ಆ ಸೀರೆ. ಕಲ್ಲಿಗೆ ಬಡಿಯಲೆಂದು ಎತ್ತಿದವಳಿಗೆ ಸೆರಗು ಭಾರ ಎನಿಸಿತು. ಸೆರಗಿನ ತುದಿಯಲ್ಲಿ ಬಿಗಿದ ಒಂದು ಗಂಟು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಒಳಗೆ ಅಕ್ಕಿ ಇತ್ತು. ಒಂದು ಪಾವಿನಷ್ಟು ಹಳೆಯ ಸಣ್ಣಕ್ಕಿ, ಕಲ್ಲು ಹೊಟ್ಟು ಆರಿಸಿ, ಸಣ್ಣಗೆ ನುಚ್ಚು ಒಡೆದದ್ದು. ಜೊತೆಗೆ ಅಚ್ಚುಬೆಲ್ಲದ ಒಂದು ಚೂರು.

ಪಟ್ಟಲಮ್ಮ ಆ ಕಲ್ಲಿನ ಮೇಲೆ ಕೂತು ಅತ್ತಳು. ಗಂಡ ಸತ್ತಾಗಲೂ ಊರಿನವರ ಎದುರು ಅಳದವಳು. ಆಮೇಲೆ ಮೂಗು ಒರೆಸಿಕೊಂಡು, ಅಕ್ಕಿಯನ್ನು ಮಡಿಲಿಗೆ ಕಟ್ಟಿಕೊಂಡು, ಮೈಮೇಲೆ ದೇವರು ಬಂದವಳಂತೆ ಮನೆಗೆ ಓಡಿದಳು.

ಅಂದಿನಿಂದ ದಿನವೂ ಬಟ್ಟೆಯ ಗಂಟಿನಲ್ಲಿ ಒಂದು ಅಕ್ಕಿಯ ಗಂಟು. ಇಬ್ಬರು ಹೆಂಗಸರೂ ಒಂದು ಮಾತು ಆಡಲಿಲ್ಲ. ಹೊಂಬಾಳಮ್ಮ ಮಗುವನ್ನು ಕೊಡುತ್ತಿದ್ದಳು, ಬೆನ್ನು ತಿರುಗಿಸುತ್ತಿದ್ದಳು. ಈಗ ನಿಲ್ಲುವ ಜಾಗ ಮಾತ್ರ ಬದಲಾಗಿತ್ತು. ಬಾಗಿಲಲ್ಲಿ ಕೂತ ಅತ್ತೆಗೂ ಪಟ್ಟಲಮ್ಮನಿಗೂ ಸರಿಯಾಗಿ ನಡುವೆ, ಸೆರಗು ಅಗಲಿಸಿಕೊಂಡು ನಿಲ್ಲುತ್ತಿದ್ದಳು. ಪಟ್ಟಲಮ್ಮ ಎರಡು ಸಲ ಶೋಧಿಸುತ್ತಿದ್ದಳು.

ಕತ್ತೆಹಾಲಿನ ಕೀರ್ತಿ ಕಿರುಗಾವಲಿನವರೆಗೂ ಹೋಯಿತು. ಕೆಮ್ಮುವ ಮಕ್ಕಳನ್ನು ಎತ್ತಿಕೊಂಡು ಜನ ಬಂದರು. ಅಷ್ಟರಲ್ಲಿ ಚೆಲುವಿ ಮುನಿಸು ಬಿಟ್ಟು ಒಂದೆರಡು ಒಳಲೆ ಕೊಡತೊಡಗಿತ್ತು. ಪಟ್ಟಲಮ್ಮ ಒಬ್ಬೊಬ್ಬರಿಗೆ ನಾಲ್ಕು ತೊಟ್ಟು ಹಾಕಿ, "ಇದಕ್ಕೆ ಪಥ್ಯ ಅದೆ ಕಣ್ರವ್ವ. ಕೆಮ್ಮಿ ಕಕ್ದೇಟ್ಗೆ ತೆಳ್ಳನ್ ಗಂಜಿ ಕುಡ್ಸಬೇಕು, ಮಗೀನ ನೆಟ್ಗೆ ಇಟ್ಕಬೇಕು. ತಪ್ಪುದ್ರೆ ಕತ್ತೆ ಆಲು ಇಸ ಆಯ್ತದೆ," ಎಂದು ಹೆದರಿಸಿ ಕಳಿಸುತ್ತಿದ್ದಳು. ಎಷ್ಟು ಮಕ್ಕಳು ಆ ಪಥ್ಯದಿಂದ ಬದುಕಿದವೋ, ಹೆಸರು ಕತ್ತೆಗೇ ಬಂತು.

ತಿಂಗಳು ಕಳೆಯುವ ಹೊತ್ತಿಗೆ ಚಿಕ್ಕಬೋರನ ಕೆಮ್ಮು ದಿನಕ್ಕೆ ನಾಲ್ಕೈದು ಸಲಕ್ಕೆ ಇಳಿಯಿತು. ಕೆನ್ನೆ ತುಂಬಿತು. ಒಂದು ಮಧ್ಯಾಹ್ನ ಬೀರಮ್ಮ ಪಟ್ಟಲಮ್ಮನನ್ನು ಹಿತ್ತಿಲ ಬಾಗಿಲಿಗೆ ಕರೆಸಿದಳು. ಅವಳ ಮುಂದೆ ಕಂಚಿನ ಬಟ್ಟಲು, ಬಟ್ಟಲಲ್ಲಿ ಮೆತ್ತಗೆ ಕಲಸಿದ ತುಪ್ಪದನ್ನ. ಮಡಿಲಲ್ಲಿ ಮೊಮ್ಮಗ. ಪಕ್ಕದಲ್ಲಿ ಸೊಸೆ ಕಂಬ ಹಿಡಿದು ನಿಂತಿದ್ದಳು.

"ಲೇ ಪಟ್ಟಲಿ," ಎಂದಳು ಬೀರಮ್ಮ. "ಅನ್ನ ಅನ್ನ ಅಂತ ಕೇಳ್ತದೆ. ಇಲ್ಲೇ ನಿಂತ್ಕ. ಏನಾರಾ ಆದ್ರೆ ಆವತ್ತು ಮಾಡ್ದಂಗೆ ಮಾಡು." ಮಾಡಿದ ತುತ್ತನ್ನು ಬಟ್ಟಲಿಗೆ ಬಿಟ್ಟು ಮತ್ತೆ ಮಾಡಿದಳು. "ಆ ಮಗೀಗೂ ನಾನೇ ಇಟ್ಟಿದ್ದು ಕಣೆ. ಇದೇ ಕೈಯಿ. ಈಗ ಕೆಮ್ಮಿ ಕಕ್ಕಿ ಒಸಿ ಒತ್ತಾತು. ಕೊಡ್ಲಾ?"

"ಕೊಡಿ ಅವ್ವಾರೆ, ಎದ್ರಬೇಡಿ," ಎಂದಳು ಪಟ್ಟಲಮ್ಮ. ಬಾಯಿಗೆ ಬೀಗವಿಲ್ಲದವಳಲ್ಲವೇ, ಇನ್ನೊಂದು ಮಾತು ಜಾರಿಬಿಟ್ಟಿತು. "ಅದು ಅನ್ನ ಉಂಡೇ ಬದುಕಿರಾ ಮಗ."

ಹೊಂಬಾಳಮ್ಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಬೀರಮ್ಮ ಪೊರೆಗಣ್ಣನ್ನು ಎತ್ತಿ ಪಟ್ಟಲಮ್ಮನ ಧ್ವನಿ ಬಂದ ಕಡೆಗೆ ನೋಡಿದಳು. ಆಮೇಲೆ ಸೊಸೆಯ ಕಡೆಗೆ ನೋಡಿದಳು. ತುತ್ತು ಕೈಯಲ್ಲೇ ಉಳಿಯಿತು. ಮಗು ಕಾಯಲಾರದೆ ಅಜ್ಜಿಯ ಮಣಿಕಟ್ಟನ್ನು ಎರಡು ಕೈಯಲ್ಲೂ ಹಿಡಿದು ತುತ್ತನ್ನು ತನ್ನ ಬಾಯಿಗೆ ತಾನೇ ಎಳೆದುಕೊಂಡಿತು. ಅಗಿಯಿತು, ನುಂಗಿತು, ಮತ್ತೆ ಬಾಯಿ ತೆರೆಯಿತು.

"ತಗೋ ಮಗನೇ," ಎಂದಳು ಬೀರಮ್ಮ, ಎರಡನೆಯ ತುತ್ತು ಮಾಡುತ್ತ. ಮಾತು ಅಲ್ಲಿಗೆ ಮುಗಿಯಿತು, ಆ ಮನೆಯಲ್ಲಿ ಮುಂದೆಂದೂ ಅದು ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಹೊಳೆಯಲ್ಲಿ ಪಟ್ಟಲಮ್ಮ ಗಂಟು ಬಿಚ್ಚಿದಾಗ ಮೇಲಿದ್ದದ್ದು ಬೀರಮ್ಮನ ಸೀರೆ. ಸೆರಗಿನಲ್ಲಿ ಮಗುವಿನ ಬಾಯಿ ಒರೆಸಿದ ಗುರುತು, ತುಪ್ಪದ ಜಿಡ್ಡು, ಅಂಟಿ ಒಣಗಿದ ಏಳೆಂಟು ಅಗುಳು ಅನ್ನ. ಆ ಹೆಣ್ಣುಮಗು ಹೋಗಿ ನಾಲ್ಕು ವರ್ಷವಾಗಿತ್ತು, ಆಮೇಲೆ ಆ ಸೆರಗಿನ ಮೇಲೆ ಅಗುಳು ಕಂಡದ್ದು ಅಂದೇ ಮೊದಲು. ಅವಳು ಸ್ವಲ್ಪ ಹೊತ್ತು ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಅಗುಳನ್ನು ಒಂದೊಂದಾಗಿ ಉಗುರಿನಿಂದ ಬಿಡಿಸಿ ದಡದಲ್ಲಿ ಮೇಯುತ್ತಿದ್ದ ಚೆಲುವಿಯ ಮರಿಯ ಬಾಯಿಗೆ ಹಾಕಿ, ಸೀರೆಯನ್ನು ನೀರಿಗೆ ಬಿಟ್ಟಳು.